ಸತ್ತ ಕೆರೆಯ ಬೇಸಿಗೆಗಳು

ಸತ್ತ ಕೆರೆಯೊಂದು ಬಾಯಿ ತೆರೆದು, ತಾನು ಕಂಡ ಬೇಸಿಗೆಗಳನ್ನೆಲ್ಲ ಒಂದರ ಹಿಂದೊಂದು ಹೇಳುತ್ತ ಹೋದರೆ ಹೇಗಿರುತ್ತದೆ? ಕೇಳುವವರ ಎದೆ ಗಟ್ಟಿ ಇರಬೇಕಾಗುತ್ತದೆ. ನೀಲಗಂಗಾಳ ಎದೆ ಗಟ್ಟಿಯಿತ್ತು. ಅವಳು ಆಯುಷ್ಯದ ಬಹುಪಾಲನ್ನು ಅಂಥ ಒಂದು ಕೆರೆಯ ಮುಂದೆ ಕೂತೇ ಕಳೆದಳು.

ಆ ಕೆರೆ ಇದ್ದದ್ದು ಆರೂವರೆ ಕೋಟಿ ವರ್ಷದ ಹಿಂದೆ. ಕಲಬುರಗಿ ಸೀಮೆಯ ಕರಿನೆಲದ ಅಡಿಯ ಕರಿಗಲ್ಲಿದೆಯಲ್ಲ, ಅದು ಒಂದು ಕಾಲಕ್ಕೆ ಭೂಮಿ ಸೀಳಿ ಹರಿದ ಬೆಂಕಿಯ ಹೊಳೆ. ಒಂದು ಹೊಳೆ ಹರಿದು ಆರಿ ಕಲ್ಲಾದ ಮೇಲೆ ಮುಂದಿನದು ಬರುವತನಕ ಬಿಡುವು ಸಿಗುತ್ತಿತ್ತು. ಅಂಥ ಒಂದು ಬಿಡುವಿನಲ್ಲಿ ತಗ್ಗಿಗೆ ನೀರು ನಿಂತು ಕೆರೆಯಾಯಿತು. ಮಳೆಗಾಲಕ್ಕೆ ಕಪ್ಪು ಕೆಸರಿನ ಒಂದು ಗೆರೆ, ಬೇಸಿಗೆಗೆ ಬಿಳಿ ಸುಣ್ಣದ ಒಂದು ಗೆರೆ, ಹೀಗೆ ಅದರ ತಳದಲ್ಲಿ ವರ್ಷಗಳು ಪದರ ಪದರವಾಗಿ ಕೂತವು. ಆ ಪದರಗಳಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಚಿಪ್ಪಿನ ಹುಳಗಳಿದ್ದವು. ಆಯಾ ವರ್ಷದ ಬಿಸಿಲು ಎಷ್ಟು ಸುಟ್ಟಿತೆಂಬ ಗುರುತು ಆ ಚಿಪ್ಪಿನಲ್ಲಿ ಉಳಿದಿರುತ್ತದೆ. ನೀಲಗಂಗಾ ಕಟ್ಟಿದ ಯಂತ್ರ ಕೂದಲೆಳೆಯಷ್ಟು ಸಣ್ಣ ಬೆಳಕನ್ನು ಕಲ್ಲಿನ ಮೇಲೆ ಹರಿಸಿ, ಚಿಪ್ಪು ಚಿಪ್ಪಿಗೂ ನಿಂತು, ಆ ಗುರುತನ್ನು ಓದುತ್ತಿತ್ತು. ಅದಕ್ಕೆ ಪದರಗಣ್ಣು ಎಂದು ಹೆಸರಾಯಿತು.

ಪದರಗಣ್ಣು ಹೇಳಿದ ಕಥೆಯನ್ನು ಜನ ಬಾಯಿಪಾಠ ಮಾಡಿಕೊಂಡಿದ್ದರು. ಬೆಂಕಿಹೊಳೆಯ ಹೊಗೆಯಿಂದ ಲೋಕ ಕಾದು, ಕೆರೆಯ ಜೀವಗಳೆಲ್ಲ ಸತ್ತವು. ಕೆಸರು ಬರಿದಾಯಿತು. ಆಮೇಲೆ ಬೇಸಿಗೆಗಳು ಇಳಿಯತೊಡಗಿದವು. ಎರಡು ತಲೆಮಾರು ಕಳೆಯುವುದರೊಳಗೆ ಕುಬ್ಜ ಗಾತ್ರದ ಚಿಪ್ಪುಗಳು ಮೊದಲು, ಆಮೇಲೆ ತುಂಬು ಗಾತ್ರದವು, ಹೀಗೆ ಜೀವ ತಿರುಗಿ ಬಂತು. ಈ ಕಾಲದ ಮನುಷ್ಯರು ಉರಿಸಿದ ಎಣ್ಣೆ ಕಲ್ಲಿದ್ದಲಿನ ಹೊಗೆಯೂ ಹೆಚ್ಚು ಕಡಿಮೆ ಅಷ್ಟೇ ಆದ್ದರಿಂದ, ಈಗಿನ ಬೇಸಿಗೆಯೂ ಹಾಗೆಯೇ ಇಳಿಯಬೇಕು. ಜನ ಇದನ್ನು 'ಇಳಿತ' ಎಂದರು. ನೀಲಗಂಗಾ 'ಇಳಿತದ ಅಕ್ಕ' ಆದಳು.

ಇಳಿತದ ಮಾತು ಹುಟ್ಟುವ ಮೊದಲು ಭೀಮಾ ತೀರದ ಊರುಗಳು ಖಾಲಿಯಾಗುತ್ತಿದ್ದವು. ನೀಲಗಿರಿಯ ತಂಪಿನ ಶಿಬಿರಗಳಿಗೆ ರೈಲು ತುಂಬಿ ಹೋಗುತ್ತಿದ್ದವು. ಆ ಮಾತು ಬಂದ ಮೇಲೆ ಜನ ನಿಂತರು. ನೆಲಕ್ಕೆ ಹಾಸುವ ಫರಶಿ ಕಲ್ಲು ತೆಗೆದು ಬಿಟ್ಟ ಖಣಿಗಳಿದ್ದವಲ್ಲ, ಅವುಗಳ ಮೇಲೆ ಚಪ್ಪಡಿ ಹೊಚ್ಚಿ ಮನೆ ಮಾಡಿಕೊಂಡರು. ನೆಲದಾಳದ ತಂಪು ಗಾಳಿಯನ್ನು ಪೈಪಿನಿಂದ ಎಳೆದು ಓಣಿ ಓಣಿಗೆ ಬಿಟ್ಟರು. ಆ ಊರಿಗೆ ಹಳೇಖಣಿ ಎಂದೇ ಹೆಸರು. ನಸುಕಿನಲ್ಲಿ ಮೇಲೆ ಹೋಗಿ ದುಡಿಯುವುದು, ಬಿಸಿಲೇರಿ ಎಚ್ಚರಿಕೆಯ ಭೋಂಗಾ ಒದರಿತೆಂದರೆ ಕೆಳಗಿಳಿಯುವುದು. ಎಮ್ಮೆಗಳು ತೀರಿಹೋಗಿದ್ದವು. ಮೇಲೆ ತೊಗರಿ ಹೂ ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. ಆದರೂ ಜನ ನಗುತ್ತಿದ್ದರು, ಮದುವೆ ಮಾಡುತ್ತಿದ್ದರು, ಹುಟ್ಟಿದ ಕೂಸುಗಳಿಗೆ ತಂಪಣ್ಣ, ತಂಪವ್ವ ಎಂದು ಹೆಸರಿಡುತ್ತಿದ್ದರು.

ನೀಲಗಂಗಾ ಮದುವೆಯಾದವಳಲ್ಲ. ತಂಗಿ ಉರಿವರ್ಷದಲ್ಲಿ ಬಿಸಿಲು ಬಡಿದು ಹೊಲದಲ್ಲೇ ಬಿದ್ದು ಸತ್ತಾಗ, ಅವಳ ಮಗಳು ಮಹಾನಂದಾಳನ್ನು ತಂದು ಸಾಕಿದಳು. ಮಹಾನಂದಾ ಈಗ ಗಾಳಿಪೈಪು ರಿಪೇರಿ ಮಾಡುವ ಸಂಗಣ್ಣನ ಹೆಂಡತಿ, ತುಂಬಿದ ಬಸುರಿ. ಸರಕಾರ ಬಸುರಿಯರಿಗೆಂದು ಕೊನೆಯ ಒಂದು ರೈಲು ಬಿಟ್ಟಿತ್ತು. ಒಬ್ಬಳಿಗೆ ಒಂದೇ ಜಾಗ, ಗಂಡನಿಗಿಲ್ಲ. ಅದು ಹೋದ ಮೇಲೆ ನೀಲಗಿರಿ ಬಾಗಿಲು ಹಾಕುತ್ತದೆ. ಮಹಾನಂದಾಳಿಗೆ ಜಾಗದ ಚೀಟಿ ಬಂದಿತ್ತು.

"ತಿರುಗಿ ಕೊಟ್ಟು ಬಿಡ್ತೀನಿ ದೊಡ್ಡವ್ವ," ಎಂದಳು ಅವಳು, ರೊಟ್ಟಿ ಬಡಿಯುತ್ತ. "ಯಾರರೆ ಹೋಗೋರು ಹೋಗ್ಲಿ. ಇಳಿತದ ಅಕ್ಕನ ಮಗಳೇ ಓಡಿ ಹೋದ್ಳು ಅಂದ್ರ ಊರು ಏನಂದೀತು?"

"ಊರಿನ ಮಾತು ಬಿಡು. ನಿನ್ನ ಮನಸಿಗಿ ಏನದ?"

"ಮನಸಿಗೇ ಇಲ್ಲ. ನನ್ನ ಕೂಸು ಮುದುಕ ಆಗೂದ್ರಾಗ ಮ್ಯಾಲ ಗಿಡದ ನೆರಳಾಗ ಕುಂತಿರ್ತದ. ನೀನೇ ಅಂದಿದ್ದಿ."

ಸಂಗಣ್ಣ ಬಾಗಿಲಲ್ಲಿ ಕೂತು ನಟ್ಟು ಬಿಗಿಯುವ ಪಾನಾ ಒರೆಸುತ್ತಿದ್ದ. "ಹೆಸರು ಮಾತ್ರ ತಂಪಣ್ಣ ಬ್ಯಾಡ್ರಿ ಅತ್ತಿ," ಎಂದ. "ಓಣ್ಯಾಗ ನಿಂತು ತಂಪಣ್ಣ ಅಂತ ಒದರಿದ್ರ ಹತ್ತು ಹುಡುಗ್ರು ಓಡಿ ಬರ್ತಾವ. ನಮ್ಮದು ಯಾವುದಂತ ಹುಡಕೂದು?"

"ಬಂದವ್ರಿಗೆಲ್ಲ ಒಂದೊಂದು ರೊಟ್ಟಿ ಕೊಡು. ಹೊಟ್ಟಿ ತುಂಬಿದ ಮ್ಯಾಲ ಉಳದಾಂವ ನಿಮ್ಮಾಂವ," ಎಂದಳು ನೀಲಗಂಗಾ. ಮೂವರೂ ನಕ್ಕರು. ಅವಳಿಗೆ ಒಳಗೊಳಗೇ ಹೆಮ್ಮೆಯೆನಿಸಿತು. ಕಲ್ಲು ಓದಿದ್ದಕ್ಕೆ ಸಿಕ್ಕ ಫಲವೆಂದರೆ ಈ ನಗುವೇ ಎಂದುಕೊಂಡಳು.

ಅವಳ ಸಂಶೋಧನಾ ಕೇಂದ್ರವೂ ಖಣಿಯ ಒಂದು ಮೂಲೆಯಲ್ಲೇ ಇತ್ತು. ಡೈರೆಕ್ಟರ್ ವಾಲೀಕಾರರಿಗೆ ಒಂದು ಆಸೆಯಿತ್ತು: ಇಳಿತದ ಕಲ್ಲಿನ ಒಂದು ಹೋಳನ್ನು ಕನ್ನಡಿಯಂತೆ ಹೊಳೆಯಿಸಿ, ಊರಿನ ಸಭಾಮನೆಯಲ್ಲಿ ಗಾಜಿನೊಳಗೆ ಇಡಬೇಕು. ಜನ ಬಂದು ಕಣ್ಣಾರೆ ನೋಡಲಿ.

ಆ ಕಲ್ಲೆಂದರೆ ಬಹಳ ವರ್ಷಗಳ ಹಿಂದೆ ಕೊರೆದು ತೆಗೆದ, ಒನಕೆ ದಪ್ಪದ ದಿಂಡು. ಕೊರೆದ ಗುಡ್ಡ ಆಮೇಲೆ ಜಲಾಶಯದಲ್ಲಿ ಮುಳುಗಿತು. ಅಂಥದ್ದು ಇನ್ನೊಂದು ಸಿಗುವ ಹಾಗಿಲ್ಲ. ಉದ್ದನೆಯ ಕಟ್ಟಿಗೆ ಪೆಟ್ಟಿಗೆಯಲ್ಲಿ ಅದರ ತುಂಡುಗಳನ್ನು ಸಾಲಾಗಿ ಜೋಡಿಸಿ ಇಟ್ಟಿದ್ದರು. ಎಡತುದಿ ನೆಲದ ಮೇಲ್ಭಾಗ, ಅಂದರೆ ಈಚಿನ ಕಾಲ; ಬಲತುದಿ ಆಳ, ಅಂದರೆ ಹಿಂದಿನ ಕಾಲ. ಎಲ್ಲ ಕಡೆ ಇದೇ ರೂಢಿ. ಆಳ ಬರೆದ ಕಟ್ಟಿಗೆ ಬಿಲ್ಲೆಗಳನ್ನು ಗೋದಾಮಿನಲ್ಲಿ ಗೆದ್ದಲು ತಿಂದು ಹಾಕಿತ್ತು. ಆಫೀಸಿನವರು ರೂಢಿಯ ಪ್ರಕಾರ ಎಡದಿಂದ ಹೊಸ ಬಿಲ್ಲೆ ಇಟ್ಟಿದ್ದರು. ಇಳಿತದ ಕಥೆಯೆಲ್ಲ ಇದ್ದದ್ದು ಒಂದೇ ಸಾಲಿನಲ್ಲಿ. ಅದರ ಆಚೀಚಿನ ಮೆತ್ತನೆಯ ಮಣ್ಣು ಕೊರೆಯುವಾಗಲೇ ನೀರಿಗೆ ತೊಳೆದು ಹೋಗಿತ್ತು, ತಾಳೆ ನೋಡಲು ಬೇರೇನೂ ಉಳಿದಿರಲಿಲ್ಲ.

ಯಂತ್ರ ಓದಿದ್ದು ಉದ್ದಕ್ಕೆ ಸೀಳಿದ ದಿಂಡಿನ ಅರ್ಧ ಹೋಳನ್ನು. ಉಳಿದ ಅರ್ಧ ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಅದನ್ನು ನೀಲಗಂಗಾ ತಾನೇ ಉಜ್ಜಲು ಕೂತಳು. ನೀರು ಹನಿಸಿ ಉಜ್ಜಿದಂತೆ ಪದರಗಳು ರೇಷ್ಮೆ ಸೀರೆಯ ಗೆರೆಗಳಂತೆ ಎದ್ದು ಬಂದವು. ನಡುವಿಗೆ ಬಂದಾಗ ಬಟ್ಟೆಗೆ ಏನೋ ಒರಟು ತಾಕಿತು. ಗೋಲಿಯಷ್ಟು ದೊಡ್ಡ ಕರಿಗಲ್ಲು. ಬೆಂಕಿಯ ಬಾಯಿಂದ ಸಿಡಿದು ಬಂದು ಕೆರೆಯೊಳಗೆ ಬಿದ್ದು, ಮೆತ್ತನೆಯ ಕೆಸರಿನಲ್ಲಿ ಕೂತದ್ದು. ಚಂದ ಕಾಣುತ್ತದೆ, ಮಕ್ಕಳಿಗೆ ತೋರಿಸಬಹುದು ಎಂದುಕೊಂಡು ಇನ್ನಷ್ಟು ಉಜ್ಜಿದಳು.

ಆಮೇಲೆ ಅವಳ ಕೈ ನಿಂತಿತು.

ಕಲ್ಲು ಬಿದ್ದಾಗ ಕೆಳಗಿನ ಕೆಸರು ತಗ್ಗು ಬೀಳುತ್ತದೆ. ಮುಂದಿನ ವರ್ಷದ ಕೆಸರು ಅದರ ಮೇಲೆ ಮೆಲ್ಲಗೆ ಹೊಚ್ಚಿಕೊಳ್ಳುತ್ತದೆ. ಇಲ್ಲಿ ಪದರಗಳು ತಗ್ಗು ಬಿದ್ದದ್ದು ಎಡಕ್ಕೆ. ಬಲದವು ಹೊದಿಕೆಯಂತೆ ಕಲ್ಲಿನ ಮೇಲೆ ಬಾಗಿದ್ದವು. ಅಂದರೆ ಎಡವೇ ತಳ. ಅವಳು ಮೇಲೆಂದು ಓದಿದ್ದು ಕೆಳಗು, ಹಿಂದೆಂದು ಓದಿದ್ದು ಮುಂದು.

ನೀಲಗಂಗಾ ಹೋಳನ್ನು ತಿರುಗಿಸಿ ನೋಡಿದಳು. ದೀಪ ಬದಲಿಸಿ ನೋಡಿದಳು. ಯಾವ ಕಾಲದಲ್ಲೂ ಕಲ್ಲು ಕೆಳಕ್ಕೇ ಬೀಳುತ್ತದೆ. ಅದಕ್ಕೆ ವಿದ್ಯೆ ಬೇಕಾಗಿಲ್ಲ. ಪದರಗಣ್ಣು ಓದಿದ್ದನ್ನು ಕೊನೆಯಿಂದ ಮೊದಲಿಗೆ ಮನಸ್ಸಿನಲ್ಲೇ ಓದಿಕೊಂಡಳು. ಕೆರೆಯಲ್ಲಿ ತುಂಬು ಗಾತ್ರದ ಚಿಪ್ಪುಗಳಿದ್ದವು. ಬೇಸಿಗೆ ಏರಿತು. ಚಿಪ್ಪು ಕುಗ್ಗಿ ಕುಬ್ಜವಾದವು. ಬೇಸಿಗೆ ಮತ್ತೂ ಏರಿತು. ಚಿಪ್ಪು ಇಲ್ಲವಾದವು. ಆಮೇಲೆ ಬರೀ ಕೆಸರು, ಸಾಲಿನ ತುದಿಯವರೆಗೂ.

ಎರಡು ತಲೆಮಾರಿನಲ್ಲಿ ಬಂದದ್ದಲ್ಲ, ಎರಡು ತಲೆಮಾರಿನಲ್ಲಿ ಹೋದದ್ದು.

ಇನ್ನೂ ಒಂದು ಆಸೆಯ ಎಳೆ ಇತ್ತು. ಆ ಒಂದು ತುಂಡು ಮಾತ್ರ ಕೈತಪ್ಪಿ ತಿರುವಿ ಬಿದ್ದಿರಬಹುದು. ಸಾಲೆಲ್ಲ ಸರಿಯೇ ಇರಬಹುದು. ಆ ಪೆಟ್ಟಿಗೆ ತುಂಬಿದ ಮನುಷ್ಯ ಬದುಕಿದ್ದ. ಲಾಡ್ಲೇಸಾಬ, ಹಳೇಖಣಿಯ ಪಡುವಣ ಓಣಿಯಲ್ಲಿ ಮೊಮ್ಮಕ್ಕಳ ಜೊತೆಗಿದ್ದ. ಅವಳು ಅತ್ತ ನಡೆದಳು.

"ಬರ್ರಿ ಬಾಯಿ, ಬರ್ರಿ," ಎಂದು, ಅಕ್ಕನನ್ನು ಬಾಯಿ ಎಂದೇ ಕರೆಯುವ ಮುದುಕ ಚಾಪೆ ಕೊಡವಿ ಹಾಸಿದ. "ಇಳಿತದ ಬಾಯಿ ನಮ್ಮ ಬಿಲದಾಗ ಬಂದಾರ. ಇವತ್ತರೆ ಚಾದಾಗ ಸಕ್ರಿ ಬೀಳ್ತದೋ ನೋಡ್ತೀನಿ." ಒಳಗಿನಿಂದ ಸೊಸೆ, "ಸಕ್ರಿ ನಿಮಗಲ್ಲ, ಬಾಯಾರಿಗಿ," ಎಂದಳು. "ನೋಡ್ರಿ, ಸಕ್ರಿ ಬ್ಯಾನಿಯವಂಗ ಮನ್ಯಾಗ ಮರ್ಯಾದಿ ಇಲ್ಲ," ಎಂದ ಲಾಡ್ಲೇಸಾಬ.

ನೀಲಗಂಗಾ ಚಾ ಕುಡಿದು ಬಟ್ಟಲು ಕೆಳಗಿಟ್ಟಳು. ಆಮೇಲೆ, "ಗುಡ್ಡದ ಮ್ಯಾಲ ಕೊರದ್ರಲ್ಲ, ಆ ದಿಂಡು ಪೆಟ್ಟಿಗ್ಯಾಗ ಜೋಡಿಸಿದವ್ರು ನೀವೇನು?" ಎಂದಳು.

"ನಾನೇ. ಆ ಕೆಲಸಕ್ಕ ಹೊಸದಾಗಿ ಸೇರಿದ್ದೆ. ಸಾಹೇಬ್ರು ಬಿಸಿಲು ಬಡದು ಬಿದ್ದು ದವಾಖಾನೀಗಿ ಹೋದ್ರು, ತಿರುಗಿ ಬರ್ಲೇ ಇಲ್ಲ. ಮಶೀನಿನವ್ರು ಮ್ಯಾಲಿನ ತುಂಡು ಮೊದಲ ತೆಗದು ಕೊಡೂದು, ನಾ ತೊಳದು ಇಡೂದು."

"ಹ್ಯಾಂಗ ಇಟ್ರಿ? ಸ್ವಲ್ಪ ತೋರಸ್ರಿ."

ಮುದುಕ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಮಾಡಿದ. ಮೊದಲ ಚೂರನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಚಾಪೆಯ ಮೇಲೆ ಬಲಗಡೆಗೆ ಇಟ್ಟ. ಎರಡನೆಯದನ್ನು ಅದರ ಎಡಕ್ಕೆ. ಮೂರನೆಯದನ್ನು ಇನ್ನೂ ಎಡಕ್ಕೆ. ಚೂರುಗಳು ಒಂದಕ್ಕೊಂದು ತಾಗಿ ನೆಟ್ಟಗೆ ಕೂತವು.

"ಬಿಸ್ಮಿಲ್ಲಾ ಅಂತ ಬಲಗಡಿಂದ," ಎಂದ. "ನಾ ಓದಿದ್ದು ಉರ್ದು ಸಾಲಿ. ಕಿತಾಬಿನಾಗ ಸಾಲು ಹ್ಯಾಂಗ ನಡೀತದ, ಹಂಗೇ ಕಲ್ಲಿನ ಸಾಲೂ ಇಟ್ಟೆ. ಮುಂದ ಬ್ಯಾರೆ ಕ್ಯಾಂಪಿನಾಗ ಒಬ್ರು ಎಡಗಡಿಂದ ಇಡು ಅಂದ್ರು, ಅಲ್ಲಿ ಹಂಗ ಇಟ್ಟೆ. ಯಾಕ್ರಿ ಬಾಯಿ, ಏನರೆ ತಪ್ಪಾಗ್ಯಾದ?"

ಅವನ ಮೊಮ್ಮಗಳು ಬಂದು ತಾತನ ಬೆನ್ನಿಗೆ ಜೋತುಬಿದ್ದಳು. ನೀಲಗಂಗಾ ಆ ರೊಟ್ಟಿ ಚೂರುಗಳನ್ನೇ ನೋಡುತ್ತಿದ್ದಳು. ತಿರುವಿದ್ದು ಒಂದು ತುಂಡಲ್ಲ, ಇಡೀ ಸಾಲು. ತಪ್ಪು ಯಾರದು? ಇವನು ತನಗೆ ಬಂದ ಹಾಗೆ ಚೊಕ್ಕವಾಗಿ ಇಟ್ಟ. ಆಫೀಸಿನವರು ತಮಗೆ ಬಂದ ಹಾಗೆ ಬಿಲ್ಲೆ ಇಟ್ಟರು. ಓದಿದವಳು ಅವಳು. ಕೆರೆ ಜೀವ ಪಡೆಯಿತು ಎಂಬ ಕಥೆ ಎಷ್ಟು ಸಿಹಿಯಾಗಿತ್ತೆಂದರೆ, ದಿಂಡನ್ನು ಒಮ್ಮೆ ತಿರುಗಿಸಿ ನೋಡಬೇಕೆಂದು ಅವಳಿಗೆ ಅನಿಸಿರಲಿಲ್ಲ.

"ಇಲ್ಲ," ಎಂದಳು. "ಬಾಳ ಚೊಕ್ಕ ಇಟ್ಟೀರಿ."

"ಹೂಂ ಮತ್ತ," ಎಂದು ಮುದುಕ ಅರಳಿದ. "ಇಳಿತದ ಕಲ್ಲು ಮೊದಲ ಮುಟ್ಟಿದ ಕೈ ಇದು ಅಂತ ಇವಕ್ಕೆಲ್ಲ ದಿನಾ ಹೇಳ್ತೀನಿ."

ವಾಲೀಕಾರರು ಅವಳ ಮಾತನ್ನು ಪೂರ್ತಿ ಕೇಳಿದರು. ಹೋಳನ್ನು ಕೈಯಲ್ಲಿ ಹಿಡಿದು ನೋಡಿದರು. ಅವರೂ ಕಲ್ಲು ಬಲ್ಲವರೇ. ಎರಡನೆಯ ಸಲ ಹೇಳಬೇಕಾಗಲಿಲ್ಲ.

"ಯಾರಿಗರೆ ಹೇಳೀರೇನು ಅಕ್ಕಾರ?"

"ಇನ್ನೂ ಇಲ್ಲ. ಇವತ್ತೇ ಬರದು ಕೊಡ್ತೀನಿ."

"ಕೊಡ್ರಿ, ಇಟ್ಕೊಂತೀನಿ. ಆದ್ರ ಮಂದಿಗಿ ಹೇಳಿ ಏನ್ ಮಾಡೂದು? ಓಡಿ ಹೋಗ್ಲಿಕ್ಕ ಜಾಗ ಇದ್ರ ನಾನೇ ನಿಂತು ಡಂಗುರ ಸಾರಸ್ತಿದ್ದೆ. ನೀಲಗಿರ್ಯಾಗ ಉಳದದ್ದು ಬಸುರೆಂಗಸರ ಗಾಡಿ ಒಂದೇ. ಭೋಂಗಾ ಒದರಿದ ಕೂಡ್ಲೆ ಇಷ್ಟು ಮಂದಿ ಓಡಿ ಕೆಳಗ ಬರ್ತಾರಲ್ಲ, ಯಾಕ ಬರ್ತಾರ? ಒಂದಿಲ್ಲ ಒಂದು ದಿನ ಮ್ಯಾಲ ಹೋಗೂದದ ಅಂತ. ಅದನ್ನ ತೆಗದು ಬಿಟ್ರ, ಭೋಂಗಾ ಒದರಿದ್ರೂ ಮ್ಯಾಲೇ ಕುಂತುಬಿಡ್ತಾರ."

ಅತ್ತ ದರಿ ಇತ್ತ ಪುಲಿ ಎನ್ನುವ ಮಾತು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ನಡುವೆ ನಿಂತದ್ದು ಇದೇ ಮೊದಲು.

"ನಿಮ್ಮ ಮಗಳು ಎಲ್ಲಿದ್ದಾಳ್ರಿ?" ಎಂದು ಕೇಳಿದಳು.

ವಾಲೀಕಾರರು ಕನ್ನಡಕ ತೆಗೆದು ಒರೆಸತೊಡಗಿದರು. "ನೀಲಗಿರ್ಯಾಗ," ಎಂದರು. "ಹೋದ ವರ್ಷ ಕಳಿಸ್ದೆ. ಇಳಿತದ ಮ್ಯಾಲ ನಂಬಿಕಿ ಇಲ್ಲಂತಲ್ಲ ಅಕ್ಕಾರ... ಹೆಣ್ಣು ಹಡದವನ ಕರಳು."

"ನಂದೂ ಕರಳೇ," ಎಂದು ನೀಲಗಂಗಾ ಎದ್ದಳು. ಊರಿಗೆ ಹೇಳುವುದೋ ಬಿಡುವುದೋ ಅವಳಿಗೆ ತಿಳಿಯಲಿಲ್ಲ. ಮಹಾನಂದಾ ಮಾತ್ರ ಗಾಡಿ ಹತ್ತಬೇಕು. ಅದೊಂದು ತಿಳಿದಿತ್ತು.

ಸಂಗಣ್ಣ ಪೈಪಿನ ಕೆಲಸಕ್ಕೆ ಹೋಗಿದ್ದ. ಮಹಾನಂದಾ ಹಳೆಯ ಸೀರೆ ಹರಿದು ಕೂಸಿಗೆ ದುಪ್ಪಟಿ ಹೊಲಿಯುತ್ತಿದ್ದಳು.

"ನಾಳಿಗಿ ನೀ ಗಾಡಿ ಹತ್ತು," ಎಂದಳು ನೀಲಗಂಗಾ.

"ಮತ್ತ ಯಾಕ ಅದೇ ಮಾತು ತೆಗದಿ? ಚೀಟಿ ಕೊಟ್ಟು ಬರ್ತೀನಿ ಅಂದೀನಲ್ಲ."

"ಇಳಿತ ಇಲ್ಲವ್ವ."

ಸೂಜಿ ಬಟ್ಟೆಯಲ್ಲೇ ನಿಂತಿತು. ನೀಲಗಂಗಾ ಹೇಳಿದಳು, ಗೋಲಿಯಷ್ಟು ಕಲ್ಲಿನ ಕಥೆ, ಬಲದಿಂದ ಇಟ್ಟ ಸಾಲಿನ ಕಥೆ. ಲಾಡ್ಲೇಸಾಬನ ಹೆಸರು ಹೇಳಲಿಲ್ಲ. ಮಹಾನಂದಾ ಸೂಜಿ ಎಳೆದು ಮತ್ತೆ ಹೊಲಿಗೆ ಹಾಕತೊಡಗಿದಳು.

"ಆಗೂ ಕಲ್ಲೇ ಹೇಳ್ಯಾದ ಅಂದಿದ್ದಿ. ಈಗೂ ಕಲ್ಲೇ ಹೇಳ್ಯಾದ ಅಂತೀ."

"ಆಗ ನಾ ತಿರುವಿ ಓದಿದ್ದೆ."

"ನಾ ಗಾಡಿ ಹತ್ಲಿ ಅಂತ ಹಿಂಗ ಹೇಳ್ಲಾಕತ್ತಿಲ್ಲಲ್ಲ?"

"ನಿನ್ನ ಅವ್ವನ ಆಣಿ."

ಮಹಾನಂದಾ ತಲೆಯಾಡಿಸಿದಳು. ತಾಯಿಯ ಆಣೆಯನ್ನು ಆ ಮನೆಯಲ್ಲಿ ಯಾರೂ ಹಗುರಕ್ಕೆ ಇಡುತ್ತಿರಲಿಲ್ಲ. ಹೊಟ್ಟೆಯ ಮೇಲೆ ಅಂಗೈ ಊರಿ ಕೇಳಿದಳು: "ನೀಲಗಿರಿ ಹ್ಯಾಂಗ?"

"ಅಲ್ಲೀಗ ತಂಪದ. ನಸುಕಿನಾಗ ಕಂಬಳಿ ಬೇಕಂತ."

"ಈಗಿಂದು ಕೇಳ್ಲಿಲ್ಲ ದೊಡ್ಡವ್ವ."

ಆಗ ಒಂದು ಸುಳ್ಳು ಸಾಕಿತ್ತು. ಈ ಬಿಸಿಲು ಅಲ್ಲಿಗೆ ಎಂದೂ ಬರುವುದಿಲ್ಲ ಎಂದುಬಿಟ್ಟಿದ್ದರೆ ಹುಡುಗಿ ಅಳುತ್ತ ಗಂಟು ಕಟ್ಟುತ್ತಿದ್ದಳು. ಸುಳ್ಳು ನೀಲಗಂಗಾಳ ನಾಲಿಗೆಯವರೆಗೂ ಬಂತು. ಆದರೆ ಈ ಮನೆಯಲ್ಲಿ ತಾನಾಡಿದ ಒಂದು ಸಿಹಿಮಾತಿನ ಫಲ ಎದುರಿಗೇ ಕೂತು ದುಪ್ಪಟಿ ಹೊಲಿಯುತ್ತಿತ್ತು. ಇನ್ನೊಂದನ್ನು ಆಡಲು ಬಾಯಿ ಏಳಲಿಲ್ಲ.

"ಅಲ್ಲೂ ಬರ್ತದ," ಎಂದಳು. "ತಡದು ಬರ್ತದ."

"ಎಷ್ಟು ತಡದು?"

"ನೀ ಇರೂತನ ತಡೀತದ."

"ಇದು?"

ನೀಲಗಂಗಾ ಅವಳ ಅಂಗೈ ಇದ್ದ ಕಡೆ ನೋಡಿದಳು. ಗಾಳಿಪೈಪು ಗೊರಗುಟ್ಟುತ್ತ ತಂಪನ್ನು ತಂದು ಸುರಿಯುತ್ತಿತ್ತು.

"ಹಂಗಿದ್ರ ಅದು ನನ್ನ ಗಾಡಿ," ಎಂದಳು ಮಹಾನಂದಾ. "ಇದರದ್ದಲ್ಲ."

"ಹಂಗ ಅನಬ್ಯಾಡ. ಅಷ್ಟು ವರ್ಷದ ತಂಪು ಸಣ್ಣ ಮಾತಲ್ಲ."

"ಸಣ್ಣ ಮಾತಂತ ನಾ ಎಲ್ಲಿ ಅಂದೆ? ಆಸಿ ಅದ ನಂಗ. ಕಂಬಳಿ ಹೊಚ್ಚಿ ಮಲಗೂದು ಹ್ಯಾಂಗಂತ ನೋಡಬೇಕಂತ ಅದ. ಆದ್ರ ಗುರುತಿಲ್ಲದವ್ರ ನಡುವ ಹಡದು, ಅಪ್ಪನ ಮುಖ ಕಾಣಸ್ದೆ ಬೆಳಸಿ, ನಾ ತಂಪಿನಾಗ ಕಣ್ಣು ಮುಚ್ಚಿ, ಅದನ್ನ ಒಂದೇ ಬಿಸಿಲಿಗಿ ಕೊಟ್ಟು ಹೋಗೂದು... ಬ್ಯಾಡ. ಇಲ್ಲೇ ಇರ್ತದ. ಇದ್ದಷ್ಟು ದಿನ ಅಪ್ಪನ ಹೆಗಲ ಮ್ಯಾಲ ಇರ್ತದ."

ನೀಲಗಂಗಾ ಅವಳ ಕೈ ಹಿಡಿದುಕೊಂಡು ಬೇಡಿಕೊಂಡಳು. ಬೈದಳು. ಚಿಕ್ಕಂದಿನಲ್ಲಿ ಹಟ ಮಾಡಿದಾಗ ಹೆದರಿಸುತ್ತಿದ್ದಂತೆ, ನಿನ್ನ ಜೊತೆ ಮಾತೇ ಬಿಡುತ್ತೇನೆ ಎಂದಳು. ಮಹಾನಂದಾ ನಕ್ಕಳು, ಅದು ನೋಡಲಾಗದ ನಗು.

"ನಮ್ಮವ್ರಿಗಿ ಹೇಳಬ್ಯಾಡ," ಎಂದಳು ಕೊನೆಗೆ. "ಹಾಡ್ಕೋತ ಕೆಲಸಕ್ಕ ಹೋಗ್ತಾರ. ನಾಳಿಗಿ ನೀನೇ ಹೋಗಿ ಚೀಟಿ ಕೊಟ್ಟು ಬಾ. ನಾ ಹೋದ್ರ ಗಾಡಿ ನೋಡಿ ಕಾಲು ಎಲ್ಲಿ ಎತ್ತಿ ಇಡ್ತೀನೋ ಏನೋ."

ಮರುದಿನ ನಸುಕಿಗೆ ರೈಲು ಬಂತು. ನಿಲ್ದಾಣದಲ್ಲಿ ಬಸುರಿಯರು, ಅವರನ್ನು ಕಳಿಸಲು ಬಂದವರು. ಗಂಡಂದಿರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ನೀಲಗಂಗಾ ಚೀಟಿಯನ್ನು ಅಧಿಕಾರಿಯ ಕೈಗೆ ಕೊಟ್ಟಳು. ಅವನು ಮುಖ ನೋಡಲಿಲ್ಲ. "ಒಂದು ಜಾಗ ಅದ ನೋಡ್ರಿ, ಯಾರರೆ ಬಸುರಿದ್ದವ್ರು," ಎಂದು ಕೂಗಿದ.

ಚೀಟಿ ಸಿಗದೆ ಹೊರಗೆ ಕೂತಿದ್ದ ಗುಂಪಿನಿಂದ ಒಬ್ಬಳು ಎದ್ದು ಓಡಿ ಬಂದಳು. ಯಾವ ಊರಿನವಳೋ, ಕಾಲಲ್ಲಿ ಚಪ್ಪಲಿಯಿಲ್ಲ, ತುಟಿ ಒಡೆದಿದೆ. ಹಿಂದಿನಿಂದ ಅವಳ ಅತ್ತೆ ಗಂಟು ಹೊತ್ತು ಏದುತ್ತ ಬಂದಳು. ಹೆಂಗಸು ಮೆಟ್ಟಿಲಿಗೆ ಕಾಲಿಟ್ಟವಳು ತಿರುಗಿ ನೋಡಿ, ಗುರುತು ಹಿಡಿದಳು.

"ಯವ್ವಾ, ನೀವು ಇಳಿತದ ಅಕ್ಕಾರಲ್ಲೇನ್ರಿ? ನಮ್ಮೂರ ಗುಡ್ಯಾಗ ನಿಮ್ಮ ಪಟ ಹಾಕ್ಯಾರ." ನೀಲಗಂಗಾಳ ಎರಡೂ ಕೈ ಹಿಡಿದು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಒಳಗೆ ಕೂಸು ಒದ್ದದ್ದು ಅಂಗೈಗೆ ತಿಳಿಯಿತು. "ನಾ ತಿರುಗಿ ಬರ್ದಿದ್ರೂ ಚಿಂತಿಲ್ರಿ. ಇದು ದೊಡ್ಡದಾಗಿ ನಮ್ಮ ಹೊಲಕ್ಕ ಬರ್ತದಲ್ರಿ?"

ನೀಲಗಂಗಾ ಬಾಯಿ ತೆರೆದಳು. ಅತ್ತೆಯೂ ಗಂಟು ಕೆಳಗಿಟ್ಟು ಅವಳ ಬಾಯಿಯನ್ನೇ ನೋಡುತ್ತಿದ್ದಳು. ರೈಲು ಕೂಗಿತು.

"ಹತ್ತವ್ವ," ಎಂದಳು ನೀಲಗಂಗಾ. "ಹೊತ್ತಾಗ್ತದ."

ಹೆಂಗಸಿಗೆ ಅಷ್ಟೇ ಸಾಕಾಯಿತು. ಒಳಗೆ ಹೋಗಿ ಕಿಟಕಿಗೆ ಮುಖವಿಟ್ಟು, "ಅತ್ತೀ, ಬರ್ತದಂತ, ಅಕ್ಕಾರೇ ಅಂದ್ರು," ಎಂದು ಕೂಗಿದಳು. ಪಕ್ಕದ ಕಿಟಕಿಯವಳು ಕೇಳಿಸಿಕೊಂಡು ತನ್ನ ಗಂಡನಿಗೆ ಹೇಳಿದಳು. ಅವನು ಮುಂದಿನ ಕಿಟಕಿಗೆ ಹೇಳಿದ. ರೈಲು ಮೆಲ್ಲಗೆ ಸರಿಯತೊಡಗಿತು. ನೀಲಗಂಗಾ ಇಲ್ಲವೆನ್ನಲು ಕೈಯೆತ್ತಿದಳು. ಹರಸುತ್ತಿದ್ದಾಳೆಂದು ತಿಳಿದು ಒಳಗಿನವರು ಕೈಮುಗಿದರು. ಡಬ್ಬಿಯಿಂದ ಡಬ್ಬಿಗೆ ಆ ಮಾತು ರೈಲಿನೊಡನೆ ಓಡುತ್ತ ಹೋಯಿತು, ಬರ್ತದಂತ, ಅಕ್ಕಾರೇ ಅಂದ್ರಂತ. ಕೊನೆಯ ಡಬ್ಬಿ ಅವಳ ಮುಂದೆ ಹಾಯುವಾಗ ಅಲ್ಲಿಯ ಹೆಂಗಸರಿಗೂ ಅದು ಮುಟ್ಟಿತ್ತು.